ಕನ್ನಡಿ ಚಾಂಪಿಯನ್ನನ ಎಡಗಡೆ

ಭಾನುವಾರ ತಲೆಗೆ ಹೊಕ್ಕ ಹುಳ ಬುಧವಾರವಾದರೂ ಹೊರಗೆ ಬಂದಿರಲಿಲ್ಲ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, "ನಮಸ್ಕಾರ, ನಿಮ್ಮ ವಾಷಿಂಗ್ ಮಷಿನ್‌ಗೆ ಏನಾಗಿದೆ ಹೇಳಿ" ಎಂದು ದಿನವಿಡೀ ಊರವರ ದೂರು ಕೇಳುವುದು ಅವಳ ಕೆಲಸ. ಆ ಬೆಳಿಗ್ಗೆ ಯಾರೋ ಹೆಂಗಸು, ತಮ್ಮ ಮಷಿನ್ನು ಬಟ್ಟೆ ಹಿಂಡುವಾಗ ಕುಣಿಯುತ್ತ ಕುಣಿಯುತ್ತ ಅಡುಗೆಮನೆಯ ಬಾಗಿಲವರೆಗೆ ಬಂದುಬಿಡುತ್ತದೆ ಎಂದು ಗೋಳು ಹೇಳಿಕೊಳ್ಳುತ್ತಿದ್ದರು. ಇವಳು "ಹೂಂ ಮೇಡಂ, ಹೂಂ ಮೇಡಂ" ಎನ್ನುತ್ತಲೇ ಎಡಗೈ ಎತ್ತಿ ಎಡಗಣ್ಣು ಮುಚ್ಚಿಕೊಂಡಳು. ಆಮೇಲೆ ಆ ಕೈ ಇಳಿಸಿ ಬಲಗೈ ಎತ್ತಿದಳು. ಅದರಿಂದಲೂ ಮುಚ್ಚಿದ್ದು ಎಡಗಣ್ಣನ್ನೇ.

"ಏನೇ, ಕಣ್ಣಿಗೇನಾದ್ರೂ ಬಿತ್ತಾ?" ಎಂದಳು ಪಕ್ಕದ ಕುರ್ಚಿಯವಳು.

"ಏನಿಲ್ಲ ಬಿಡೆ."

ಏನಿಲ್ಲದೆ ಏನು. ಭಾನುವಾರ ಅವಳ ಮಗಳು ಪುಟ್ಟಿ ಡಾಕ್ಟರ ಆಟ ಆಡುತ್ತಿದ್ದಳು. ಇನ್ನೂ ಶಾಲೆಯ ಮೆಟ್ಟಿಲು ಹತ್ತದ, ಪ್ಲೇಸ್ಕೂಲಿನ ಕೂಸು. ಆದರೆ ಕೊರಳಿಗೆ ಪ್ಲಾಸ್ಟಿಕ್ ಸ್ಟೆತೊಸ್ಕೋಪು ಬಿದ್ದರೆ ಸಾಕು, ಮನೆಯವರೆಲ್ಲ ಅವಳಿಗೆ ರೋಗಿಗಳು. ಅವತ್ತಿನ ರೋಗಿ ತಾತ, ಎಂದರೆ ಇವಳ ಅಪ್ಪ. ಪುಟ್ಟಿ ಚಿತ್ರದ ಕಾರ್ಡುಗಳನ್ನು ಹಿಡಿದು ದೂರ ನಿಂತು, "ತಾತ, ಒಂದು ಕಣ್ಣು ಮುಚ್ಕೋ" ಎಂದಳು. ಅಪ್ಪ ಎಡಗೈಯಿಂದ ಎಡಗಣ್ಣು ಮುಚ್ಚಿ, "ಛತ್ರಿ" ಎಂದ. ಛತ್ರಿಯೇ. "ಈಗ ಇನ್ನೊಂದು ಕಣ್ಣು." ಎಡಗೈ ಇಳಿಯಿತು, ಬಲಗೈ ಏರಿತು, ಏರಿದ್ದು ಅದೇ ಎಡಗಣ್ಣಿನ ಮೇಲೆ ಕೂತಿತು. ಎಷ್ಟು ನುಣುಪಾಗಿ ಎಂದರೆ, ಇವಳು ಎದುರಿಗೇ ಕೂತು ಬಟ್ಟೆ ಮಡಿಸುತ್ತಿರದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

"ಬೆಕ್ಕು" ಎಂದ ಅಪ್ಪ.

"ಅಯ್ಯೋ ತಾತ, ಅದು ಗೂಬೆ!"

"ಗೂಬೆ ಬೆಕ್ಕಿನ ತರ ಮುಖ ಮಾಡ್ಕೊಂಡಿದ್ರೆ ನಾನೇನಮ್ಮ ಮಾಡ್ಲಿ?"

"ಹೋಗ್ಲಿ ಬಿಡು. ಪಾಸ್!"

ಎಲ್ಲರೂ ನಕ್ಕರು. ಇವಳೂ ನಕ್ಕಳು. ಕೈಯಲ್ಲಿದ್ದ ಪುಟ್ಟಿಯ ಲಂಗವನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಚಿಂತೆ ಅವಳಿಗೆ ಹೊಸದೇನಲ್ಲ. ದ್ರಾಕ್ಷಿಯನ್ನು ಇಡಿಯಾಗಿ ಕೊಟ್ಟರೆ ಗಂಟಲಿಗೆ ಸಿಕ್ಕೀತೆಂದು ಸೀಳಿ ಕೊಡುವವಳು, ಬಾಲ್ಕನಿಯ ಕಂಬಿಗಳ ನಡುವೆ ಮಗುವಿನ ತಲೆ ತೂರೀತೇ ಎಂದು ಬಾಡಿಗೆ ಮನೆ ನೋಡುವಾಗಲೇ ಕುಂಬಳಕಾಯಿ ಹಿಡಿದು ಅಳತೆ ನೋಡಿದವಳು. "ನಿನಗೆ ಚಿಂತೆ ಮಾಡೋಕೆ ಏನೂ ಇಲ್ಲ ಅಂದ್ರೆ, ಅಯ್ಯೋ ಯಾಕಿಲ್ಲ ಅಂತ ಅದೇ ಒಂದು ಚಿಂತೆ" ಎಂದು ಗಂಡ ಆಡಿಕೊಳ್ಳುತ್ತಿದ್ದ. ಆದರೆ ಅವಳು ಒಂದು ದಿನವೂ ಚಿಂತಿಸದೆ ಮಗುವನ್ನು ಕೈಗಿತ್ತದ್ದು ಒಬ್ಬನಿಗೇ. ದಿನಾ ಬೆಳಿಗ್ಗೆ ಅಪ್ಪ ತನ್ನ ಹಳೇ ಸ್ಕೂಟರಿನಲ್ಲಿ ಬಂದು, ಪುಟ್ಟಿಯನ್ನು ಮುಂದೆ ನಿಲ್ಲಿಸಿಕೊಂಡು ಪ್ಲೇಸ್ಕೂಲಿಗೆ ಬಿಡುತ್ತಿದ್ದ. ಅವನು ಬಾಕ್ಸಿಂಗ್ ಚಾಂಪಿಯನ್. ಎದುರಾಳಿಯ ಏಟು ಮೂಗಿನ ಕೂದಲೆಳೆ ದೂರಕ್ಕೆ ಬರುವವರೆಗೂ ರೆಪ್ಪೆ ಹೊಡೆಯದವನು. ಅವನ ಸ್ಕೂಟರಿನಲ್ಲಿ ಮಗು ನಿಂತರೆ ತೊಟ್ಟಿಲಲ್ಲಿ ಮಲಗಿದ ಹಾಗೆ ಎಂದುಕೊಂಡಿದ್ದಳು.

ಗೂಬೆಯನ್ನು ಬೆಕ್ಕೆಂದ ಅದೇ ಕಣ್ಣಿನಲ್ಲಿ ಅವನು ರಸ್ತೆ ನೋಡುತ್ತಿದ್ದಾನಲ್ಲ!

ಅಪ್ಪ ಬಾಕ್ಸಿಂಗ್‌ಗೆ ಸೇರಿದ್ದು ಮೊಟ್ಟೆಯ ಆಸೆಗೆ. ಅವನ ತಂದೆ ಮರದ ಮಿಲ್ಲಿನಲ್ಲಿ ಗರಗಸದ ಮುಂದೆ ನಿಲ್ಲುವವರು. ಮನೆ ತುಂಬ ಮಕ್ಕಳು, ಇವನು ನಡುವಿನವನು. ಹೊಸ ಅಂಗಿ ದೊಡ್ಡವನಿಗೆ, ಮುದ್ದು ಚಿಕ್ಕವನಿಗೆ, ಬೈಗುಳ ಮಾತ್ರ ಇವನ ಪಾಲಿಗೆ. ಅಗ್ನಿಶಾಮಕ ಠಾಣೆಯ ಹಿಂದೆ ಒಂದು ತಗಡಿನ ಶೆಡ್ಡಿತ್ತು. ಅಲ್ಲಿ ಬಾಕ್ಸಿಂಗ್ ಕಲಿಯುವವರಿಗೆ ಸಂಜೆ ಬೇಯಿಸಿದ ಮೊಟ್ಟೆ ಪುಕ್ಕಟೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಹೋಗಿ ಸಾಲಿನಲ್ಲಿ ನಿಂತ. "ಎರಡು ಮೊಟ್ಟೆಗೆ ಸೇರ್ಕೊಂಡೆ, ಎರಡು ಹಲ್ಲು ಕೊಟ್ಟು ಬಂದೆ" ಎಂದು ಬಾಯಿ ಅಗಲಿಸಿ ತೋರಿಸುವುದು ಅವನ ಹಳೇ ತಮಾಷೆ. ಗುದ್ದುವ ಚೀಲಕ್ಕೆ ತುಂಬಲು ಮಿಲ್ಲಿನಿಂದ ಮರದ ಹೊಟ್ಟು ಹೊತ್ತು ತಂದವನೂ ಅವನೇ. ಕಲಿಸುತ್ತಿದ್ದವರು ಅಲ್ಲಿಯ ಅಗ್ನಿಶಾಮಕ ಸಿಬ್ಬಂದಿಯೊಬ್ಬರು, ಎಲ್ಲರ ಬಾಯಲ್ಲಿ ಫೈರ್ ಮೇಷ್ಟ್ರು. "ಹೊಡೆಯೋದು ಆಮೇಲೆ ಕಲಿಯೋ, ಮೊದಲು ನೋಡೋದು ಕಲಿ. ಮುಷ್ಟಿ ನೋಡ್ಬೇಡ, ಭುಜ ನೋಡು. ಮುಷ್ಟಿ ಸುಳ್ಳು ಹೇಳುತ್ತೆ, ಭುಜ ಹೇಳಲ್ಲ" ಎನ್ನುತ್ತಿದ್ದರಂತೆ. ನೋಡುವುದನ್ನು ಅಪ್ಪ ಎಷ್ಟು ಚೆನ್ನಾಗಿ ಕಲಿತನೆಂದರೆ, ಮೊದಲ ವರ್ಷ ಅವನಿಗೆ ಏಟು ತಗಲಿಸುವುದೇ ಶೆಡ್ಡಿನವರಿಗೆ ಪಂದ್ಯವಾಗಿತ್ತು.

ಆಮೇಲಿನದ್ದೆಲ್ಲ ಊರಿಗೆ ಗೊತ್ತು. ಜಿಲ್ಲೆ, ರಾಜ್ಯ, ಕೊನೆಗೆ ದೇಶದ ಅಮೆಚೂರ್ ಚಾಂಪಿಯನ್, ಹಗುರ ತೂಕದ ವಿಭಾಗದಲ್ಲಿ. ಸಂಬಳವಿಲ್ಲ, ಬಹುಮಾನ ಎಂದರೆ ಒಂದು ಕಪ್ಪು, ಒಂದು ಹಸ್ತಲಾಘವ. ತೂಕ ಇಳಿಸಲು ಬಿಸಿಲಲ್ಲಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಓಡುತ್ತಿದ್ದವನನ್ನು ನೋಡಿ ಬೀದಿಯ ನಾಯಿಗಳೂ ಬೊಗಳುವುದು ಬಿಟ್ಟು ದಾರಿ ಬಿಡುತ್ತಿದ್ದವಂತೆ. ಒಮ್ಮೆ ಗೆದ್ದವನು ಒಂದು ವರ್ಷ ಬಿಟ್ಟು ಮತ್ತೊಮ್ಮೆ ಗೆದ್ದ. ಎರಡನೇ ಸಲ ಗೆದ್ದದ್ದಕ್ಕೆ ಸಾರಿಗೆ ಸಂಸ್ಥೆಯವರು ಕರೆದು ಬಸ್ ಡಿಪೋದ ಟೈರ್ ವಿಭಾಗದಲ್ಲಿ ಖಾಯಂ ಕೆಲಸ ಕೊಟ್ಟರು. ನಿವೃತ್ತಿಯವರೆಗೂ ಅಲ್ಲಿಯೇ, ಬಸ್ಸಿನ ಚಕ್ರ ಬಿಚ್ಚುತ್ತ, ಕೂಡಿಸುತ್ತ. ಡಿಪೋದಲ್ಲಿ ಅವನಿಗೆ ಹೆಸರು ಕನ್ನಡಿ ಅಣ್ಣ.

ಆ ಹೆಸರಿನ ಮೂಲ ಅವರ ಮನೆಯ ಗೋಡೆಯ ಮೇಲೇ ಇತ್ತು. ಬುಧವಾರ ಸಂಜೆ ಪುಟ್ಟಿಯನ್ನು ಕರೆದುಕೊಂಡು ಬರಲು ತವರಿಗೆ ಹೋದಾಗ ಅವಳು ಚಪ್ಪಲಿಯನ್ನೂ ಬಿಡದೆ ಆ ಎರಡು ಫೋಟೋಗಳ ಮುಂದೆ ನಿಂತಳು. ಮೊದಲ ಗೆಲುವಿನದರಲ್ಲಿ ಅಪ್ಪನ ಎಡಗಾಲು ಮುಂದೆ, ಎಡಮುಷ್ಟಿ ಮುಂದೆ. ಎರಡನೆಯದರಲ್ಲಿ ಎಲ್ಲ ತಿರುಗುಮುರುಗು, ಬಲಗಾಲು, ಬಲಮುಷ್ಟಿ. ಎದುರಿಗೆ ನಿಂತವನಿಗೆ ಕನ್ನಡಿಯಲ್ಲಿ ತನ್ನನ್ನೇ ಹೊಡೆಯಲು ಹೋದ ಹಾಗಾಗುತ್ತಿತ್ತಂತೆ, ಅದಕ್ಕೇ ಆ ಹೆಸರು. ಚಿಕ್ಕವಳಿದ್ದಾಗ ಅವಳು ಸ್ಟುಡಿಯೋದವನು ಎರಡನೆಯದನ್ನು ಉಲ್ಟಾ ಪ್ರಿಂಟ್ ಹಾಕಿದ್ದಾನೆ ಎಂದೇ ನಂಬಿದ್ದಳು. ಈಗ ಹತ್ತಿರ ಹೋಗಿ ನೋಡಿದಳು. ಬನಿಯನ್ನಿನ ಮೇಲಿನ ಅಕ್ಷರಗಳು ನೆಟ್ಟಗಿದ್ದವು.

"ಅಮ್ಮಾ, ಅಪ್ಪ ಯಾಕಮ್ಮ ಕಾಲು ಬದಲಾಯಿಸಿದ್ದು?"

"ಯಾವ ಕಾಲು?" ಅಮ್ಮ ಒಳಗಿಂದ ಕೂಗಿದಳು. "ಓ, ಅದಾ. ಎದುರಿನವರ ತಲೆ ತಿರುಗಿಸೋಕಂತೆ. ನನ್ನ ತಲೆ ತಿರುಗಿಸಿದ್ದು ಸಾಲದು ಅಂತ."

"ಅಪ್ಪಂಗೆ ಕಣ್ಣು ಸರಿಯಾಗಿ ಕಾಣುತ್ತಾ?"

"ಕಾಣ್ದೇ ಏನು? ನಾನು ಕಾಣಲ್ಲ ಅಷ್ಟೆ. ಎದುರಿಗೇ ನಿಂತಿರ್ತೀನಿ, 'ಏನೇ, ಎಲ್ಲಿದ್ದೀಯೇ' ಅಂತಾರೆ." ಅಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಗಂಡನ ಮೇಲಿನ ದೂರುಗಳೆಲ್ಲ ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿದ್ದವು, ಯಾರಾದರೂ ಒಂದನ್ನು ಎಳೆದರೆ ಸಾಕು, ಉಳಿದವು ತಾವಾಗಿ ಬರುತ್ತಿದ್ದವು. "ಡ್ರೈವರ್ ಮಾಡ್ತೀವಿ ಬನ್ನಿ ಅಂತ ಮ್ಯಾನೇಜರೇ ಮನೆಗೆ ಬಂದು ಕರೆದ್ರು ಗೊತ್ತಾ? ಈ ಮನುಷ್ಯ, ನಂಗೆ ಟೈರೇ ಸಾಕು ಅಂದ್ರು. ಜೀವನ ಪೂರ್ತಿ ಗ್ರೀಸ್ ಬಟ್ಟೆ ಒಗೆದೆ ನಾನು. ಒಂದೇ ಒಂದು ಗುಣ ಒಳ್ಳೇದು. ರಸ್ತೇಲಿ ಹೋಗುವಾಗ ಯಾವತ್ತೂ ನನ್ನ ಒಬ್ಬಳನ್ನೇ ಹಿಂದೆ ಬಿಡಲ್ಲ. ಎಡಗಡೆಗೆ ಬಾ, ಎಡಗಡೆಗೆ ಬಾ ಅಂತ ಪಕ್ಕಕ್ಕೇ ಕರ್ಕೋತಾರೆ. ಮದುವೆ ಆದಾಗಿಂದ ಹಾಗೇ."

ಅಮ್ಮನ ಮುಖದಲ್ಲಿ ಹೊಸ ಮದುವಣಗಿತ್ತಿಯ ನಾಚಿಕೆಯ ಒಂದು ಎಳೆ ಹಾದುಹೋಯಿತು. ಇವಳ ಕೈ ತಾನಾಗಿ ಎಡಗಣ್ಣಿಗೆ ಏರಿತು. ಎಡಗಡೆ.

"ಅಪ್ಪ ಎಲ್ಲಿ?"

"ಪುಟ್ಟೀನ ಪಾರ್ಕಿಗೆ ಕರ್ಕೊಂಡು ಹೋಗಿದಾರೆ, ನಡ್ಕೊಂಡು. ಗಾಡಿ ಅಲ್ಲೇ ನಿಂತಿದೆ ನೋಡು. ಅದಕ್ಕೆ ಪೆಟ್ರೋಲ್ ಹಾಕ್ಸಿದ್ದು ನಾನಂತೂ ನೋಡಿಲ್ಲ ಇತ್ತೀಚೆಗೆ. ಗಾಳಿ ಕುಡಿದು ಓಡುತ್ತೋ ಏನೋ."

ಅಷ್ಟರಲ್ಲಿ ಪುಟ್ಟಿ ಬಂದಳು, ತಾತನ ಎಡಗೈ ಹಿಡಿದುಕೊಂಡು. ಅವಳ ಸ್ಟೀಲಿನ ನೀರಿನ ಬಾಟಲಿಯ ತಳ ನೆಗ್ಗಿ ಬಟ್ಟಲಾಗಿತ್ತು. "ಇದೇನೇ ಹೀಗೆ ಕುಟ್ಟಿದ್ದೀಯ?" ಎಂದು ಕೇಳಿದರೆ, "ಟಣ್ ಟಣ್ ಆಟ ಅಮ್ಮ. ಹೇಳಬಾರ್ದು. ತಾತಂದೂ ನಂದೂ ಗುಟ್ಟು" ಎಂದು ಬಾಯಿಗೆ ಬೆರಳಿಟ್ಟಳು. ಅಪ್ಪ ಕೆಮ್ಮಿದ. ಇವಳು ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಅಪ್ಪನನ್ನು ನೇರವಾಗಿ ಕೇಳುವುದು ಎಂದರೆ, ನೀನು ಸುಳ್ಳುಗಾರ ಎಂದ ಹಾಗೆ. ಕೇಳದೆ ಬಿಟ್ಟರೆ, ನಾಳೆ ಬೆಳಿಗ್ಗೆ ಮತ್ತೆ ಪುಟ್ಟಿ ಆ ಸ್ಕೂಟರಿನ ಮೇಲೆ.

ನಿಜ ಗೊತ್ತಿದ್ದರೆ ಅದು ಒಬ್ಬರಿಗೇ ಎಂದು ಅವಳಿಗೆ ಹೊಳೆದದ್ದು ಮನೆಗೆ ಹೋಗುವ ದಾರಿಯಲ್ಲಿ. ಬಕೆಟ್ ಮಾವ. ಪಂದ್ಯಗಳಲ್ಲಿ ಅಪ್ಪನ ಮೂಲೆಯಲ್ಲಿ ನೀರಿನ ಬಕೆಟ್ಟು, ಸ್ಪಂಜು, ಟವೆಲ್ ಹಿಡಿದು ಕೂರುತ್ತಿದ್ದವರು, ಹುಬ್ಬು ಒಡೆದರೆ ಪಟಿಕ ಒತ್ತಿ ರಕ್ತ ನಿಲ್ಲಿಸುತ್ತಿದ್ದವರು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಈಗಲೂ ಅವರದ್ದೊಂದು ಸಲೂನಿತ್ತು. ಪುಟ್ಟಿಯನ್ನು ಗಂಡನ ಕೈಗೆ ಒಪ್ಪಿಸಿ, "ಈಗ ಬಂದೆ" ಎಂದು ಹೊರಟಳು.

ಗಂಡಸರ ಸಲೂನಿನ ಬಾಗಿಲಲ್ಲಿ ಹೆಣ್ಣು ನಿಂತರೆ ಒಳಗಿನವರಿಗೆಲ್ಲ ಗಡ್ಡ ನೆಟ್ಟಗಾಗುತ್ತದೆ. ಕಾಯುತ್ತಿದ್ದ ಇಬ್ಬರು ಆಮೇಲೆ ಬರುತ್ತೇವೆಂದು ಎದ್ದು ಹೋದರು. ಕುರ್ಚಿಯಲ್ಲಿದ್ದವನು ಮಾತ್ರ ಮುಖದ ತುಂಬ ನೊರೆ ಇದ್ದದ್ದರಿಂದ ಎಲ್ಲಿಗೂ ಹೋಗುವಂತಿರಲಿಲ್ಲ.

"ಮಾವ, ನಾನು..."

"ಗೊತ್ತು ಕಣಮ್ಮ, ಆ ಮೂಗು ನೋಡಿದ್ರೆ ಗೊತ್ತಾಗಲ್ವಾ? ನಿಮ್ಮಪ್ಪಂದೂ ಒಡೆಯೋಕೆ ಮುಂಚೆ ಹೀಗೇ ಇತ್ತು. ಕೂತ್ಕೋ."

ಅವಳು ಕೂರಲಿಲ್ಲ. "ಅಪ್ಪನ ಎಡಗಣ್ಣು ಕಾಣಲ್ಲ ಅಲ್ವಾ ಮಾವ?"

ಕತ್ತಿ ಗಾಳಿಯಲ್ಲೇ ನಿಂತಿತು. "ಯಾರು ಹೇಳಿದ್ರು?"

"ಅವರೇ. ಪುಟ್ಟಿ ಡಾಕ್ಟ್ರ ಆಟ ಆಡ್ತಿದ್ಲು. ಕೈ ಬದಲಾಯಿಸಿ ಅದೇ ಕಣ್ಣು ಮುಚ್ಕೊಂಡ್ರು."

ಬಕೆಟ್ ಮಾವ ನಗತೊಡಗಿದರು. ಎಷ್ಟು ನಕ್ಕರೆಂದರೆ ಕತ್ತಿಯನ್ನು ಕೆಳಗಿಟ್ಟು ಮೇಜು ಹಿಡಿದುಕೊಳ್ಳಬೇಕಾಯಿತು. "ಅದನ್ನ ಇನ್ನೂ ಮರೆತಿಲ್ವಾ ಆ ಕಳ್ಳ! ಪಂದ್ಯಕ್ಕೆ ಮುಂಚೆ ಡಾಕ್ಟ್ರು ಕಣ್ಣು ಪರೀಕ್ಷೆ ಮಾಡ್ತಿದ್ರು, ಅದಕ್ಕೆ ಇದೇ ಕನ್ನಡಿ ಮುಂದೆ ಕಲಿಸಿದ್ದು ನಾನು. ಎಡಗೈ, ಬಲಗೈ, ಎಡಗೈ, ಬಲಗೈ. ಕೈ ನೋಡ್ತಾರೆ ಕಣೋ ಡಾಕ್ಟ್ರು, ಸಾಲಲ್ಲಿ ಅಷ್ಟು ಜನ ಇರುವಾಗ ಕಣ್ಣು ಯಾರು ನೋಡ್ತಾರೆ ಅಂತ."

"ನನ್ನ ಗಡ್ಡ..." ಎಂದ ನೊರೆಯವನು.

"ಇರಪ್ಪ, ಓಡಿಹೋಗಲ್ಲ ಅದು."

"ಅವಸರ ಇಲ್ಲ ಬಿಡಿ. ನಿಮ್ಮ ಕೈಲಿ ಕತ್ತಿ ಇದೆ, ನಾನ್ಯಾಕೆ ಜಗಳ ಆಡ್ಲಿ. ಕಥೆ ಹೇಳಿ."

ಬಕೆಟ್ ಮಾವ ಹೇಳಿದರು. ಮೊದಲ ಸಲ ಗೆದ್ದ ಮೇಲೆ, ಶೆಡ್ಡಿನಲ್ಲಿ ಅಭ್ಯಾಸ ಮಾಡುವಾಗ ಆದದ್ದು. ಆಗಿನ ಗ್ಲೌಸುಗಳಲ್ಲಿ ಹೆಬ್ಬೆರಳು ಬಿಡಿಯಾಗಿರುತ್ತಿತ್ತು. ಜೊತೆಯವನ ಹೆಬ್ಬೆರಳು ನೇರ ಅಪ್ಪನ ಎಡಗಣ್ಣಿಗೆ. ರಕ್ತವಿಲ್ಲ, ಗಾಯವಿಲ್ಲ. ಕೆಲವು ದಿನ ಮಂಜು ಕವಿದ ಹಾಗೆ, ಆಮೇಲೆ ಯಾರೋ ಪಕ್ಕದಿಂದ ಪರದೆ ಎಳೆದ ಹಾಗೆ. ಬೇರೆ ಊರಿನ ಡಾಕ್ಟರು ನೋಡಿ, ಈಗಲೇ ಆಪರೇಷನ್ ಮಾಡಬೇಕು, ಇನ್ನು ರಿಂಗಿಗೆ ಕಾಲಿಡುವಂತಿಲ್ಲ ಎಂದರು. ಅಪ್ಪ "ನಾಳೆ ಬರ್ತೀನಿ ಸಾರ್" ಎಂದು ಮೆಟ್ಟಿಲಿಳಿದವನು ಮತ್ತೆ ಹತ್ತಲಿಲ್ಲ.

"ಯಾಕೆ ಮಾವ?"

"ಯಾಕೇನು? ಆ ಸಲ ಗೆದ್ದವನಿಗೆ ಡಿಪೋದಲ್ಲಿ ಕೆಲಸ ಅಂತ ಮೊದ್ಲೇ ಹೇಳಿದ್ರು. ನಿಮ್ಮಮ್ಮ ಬಸುರಿ. ಹೊಟ್ಟೇಲಿ ನೀನು."

ಅವಳು ಈಗ ಕೂತಳು.

ಕಾಣುವ ಕಣ್ಣನ್ನು ಎದುರಾಳಿಯ ಮುಂದಿಡಲು ಅಪ್ಪ ಬಲಗಾಲು ಮುಂದಿಟ್ಟ. ಹುಟ್ಟಿನಿಂದ ಎಡಗೈಯವನೇನೋ ಎನ್ನುವ ಹಾಗೆ ನಿಂತು, ತಿಂದು, ಹಲ್ಲುಜ್ಜಿ, ಬಾಗಿಲು ತೆಗೆದು ಅಭ್ಯಾಸ ಮಾಡಿದ. ಫೈರ್ ಮೇಷ್ಟ್ರಿಗೂ ಹೇಳಲಿಲ್ಲ. ಹೊಸ ಐಡಿಯಾ ಸಾರ್ ಎಂದ. ಆದರೂ ಎಡಗಡೆಯಿಂದ ಸುತ್ತಿ ಬರುವ ಏಟು ಕಾಣುತ್ತಿರಲಿಲ್ಲ. ಅದಕ್ಕೆ ಬಕೆಟ್ಟು.

"ಸುತ್ತು ನಡೆಯುವಾಗ ಮೂಲೆಯವನು ಬಾಯಿ ಬಿಡೋ ಹಾಗಿಲ್ಲ, ಅದು ರೂಲ್ಸು. ಕಾಲು ಅಲ್ಲಾಡಿಸಬಾರದು ಅಂತ ಯಾವ ರೂಲ್ಸಲ್ಲಿದೆ? ಎಡದಿಂದ ಏಟು ಬರುತ್ತೆ ಅಂದ್ರೆ ಬೂಟಿನ ತುದೀಲಿ ಬಕೆಟ್ಟಿಗೆ ಒಂದು ಸಲ, ಟಣ್. ನಿಂತ್ಕೋ, ತಲೆ ತಗ್ಗಿಸು ಅಂತ. ಎರಡು ಸಲ ಟಣ್ ಟಣ್ ಅಂದ್ರೆ ದಾರಿ ಖಾಲಿ, ನುಗ್ಗು. ಒಂದು ಸಲ ರೆಫ್ರಿ ಕೇಳೇಬಿಟ್ಟ, ಏನ್ರೀ ಅದು ಸದ್ದು ಅಂತ. ಇರುವೆ ಕಚ್ತು ಸಾರ್ ಅಂದೆ."

ನೊರೆಯವನು ಕಿಸಕ್ಕನೆ ನಕ್ಕ. ನೊರೆ ಕನ್ನಡಿಗೆ ಹಾರಿತು. ಅವಳಿಗೆ ನಗು ಬರಲಿಲ್ಲ. ಟಣ್ ಟಣ್. ಆ ಸದ್ದನ್ನು ಈಗಷ್ಟೇ ಯಾರೋ ಹೇಳಿದ್ದರು. ಯಾರು?

"ಗೆದ್ದ, ಕೆಲಸ ಸಿಕ್ತು. ಅಲ್ಲಿಗೆ ಬಿಡಬೇಕಿತ್ತು. ಇನ್ನೊಂದೇ ಸಲ ಅಂದ. ಮುಂದಿನ ವರ್ಷದ ಫೈನಲ್ಲು. ಜನ ಅಂದ್ರೆ ಜನ, ಆ ಗದ್ದಲದಲ್ಲಿ ಬಕೆಟ್ಟಿನ ಸದ್ದು ನನಗೇ ಕೇಳಿಸ್ತಿಲ್ಲ. ಆ ಹುಡುಗನಿಗೆ ಗೊತ್ತಾಗೋಯ್ತು. ಎಡಗಡೆಯಿಂದಾನೇ ಶುರು ಹಚ್ಕೊಂಡ. ಒಂದು, ಇನ್ನೊಂದು, ಮತ್ತೊಂದು. ನಿಮ್ಮಪ್ಪ ಬೀಳ್ತಾನೂ ಇಲ್ಲ, ಸೋತೆ ಅಂತ ಹೇಳ್ತಾನೂ ಇಲ್ಲ. ಅವನು ಸೋತ, ನಿಲ್ಸಿ ಅಂತ ನಾನೇ ರಿಂಗಿಗೆ ಟವೆಲ್ ಎಸೆದೆ."

"ಆಮೇಲೆ?"

"ಆಮೇಲೇನು, ಆ ಒಂದು ಕಣ್ಣಲ್ಲಿ ನನ್ನ ನೋಡಿದ ನೋಡು! ಮಾತು ಬಿಟ್ಟ. ನೀನು ಬೆಳೆದು ನಿನ್ನ ಮದುವೆ ಆಗೋವರೆಗೂ ಒಂದು ಮಾತಿಲ್ಲ. ನಿನ್ನ ಮದುವೇಲಿ ಹತ್ರ ಬಂದು, 'ಲೋ ಬಕೆಟ್, ಎಡಗಡೆಗೆ ಬಂದು ನಿಲ್ಲು' ಅಂದ. ಅಷ್ಟೇ. ನಿಂತೆ."

ಡ್ರೈವರ್ ಕೆಲಸ ಬೇಡವೆಂದದ್ದರ ಗುಟ್ಟನ್ನೂ ಅವರೇ ಬಿಡಿಸಿದರು. ಕೈ ಬದಲಾಯಿಸಿ ಅಲ್ಲಿಯೂ ಪಾಸಾಗಬಹುದಿತ್ತು. ಆದರೆ ಅಪ್ಪ ಅಂದದ್ದು, ನನ್ನ ಮೂತಿ ನಂದು, ಬಸ್ಸಲ್ಲಿರೋರ ಮೂತಿ ನಂದಲ್ಲ.

"ಒಂದು ಕಣ್ಣಲ್ಲಿ ಸ್ಕೂಟರ್ ಓಡಿಸಬಹುದಾ ಮಾವ?" ಅವಳ ಧ್ವನಿ ತೆಳುವಾಗಿತ್ತು.

"ಓಡಿಸ್ತಾ ಬಂದಿಲ್ವಾ? ನಿನ್ನನ್ನೇ ಕೂರಿಸ್ಕೊಂಡು ಊರೆಲ್ಲ ಸುತ್ತಿಲ್ವಾ? ಆ ಒಂದು ಸರಿ ಇದ್ರೆ ಸಾಕು."

"ಅದೂ ಸರಿ ಇಲ್ಲದಿದ್ರೆ?"

ಬಕೆಟ್ ಮಾವ ಕತ್ತಿಯನ್ನು ಬೆಲ್ಟಿಗೆ ತೀಡಿದರು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೀಡಿದರು. "ಹೋದ ಸಲ ಕಟಿಂಗಿಗೆ ಬಂದಾಗ," ಎಂದರು ಕೊನೆಗೆ, "ಒಳಗೆ ಬಂದವನೇ ಪಕ್ಕದ ಕುರ್ಚೀಲಿ ಕೂತಿದ್ದವನಿಗೆ 'ಏನೋ ಬಕೆಟ್' ಅಂದ. ನಾನು ತಮಾಷೆ ಅಂದ್ಕೊಂಡೆ. ತಮಾಷೆ ಅಂದ್ಕೊಳ್ಳೋಣ ಅಂತ ಅಂದ್ಕೊಂಡೆ."

ಅವಳು ಎದ್ದಳು. ಬಾಗಿಲ ಹತ್ತಿರ ಅವರು ಮತ್ತೆ ಕರೆದರು. "ಟವೆಲ್ ಎಸೆದವನನ್ನ ಯಾರೂ ಇಷ್ಟಪಡಲ್ಲ ಕಣಮ್ಮ, ಅದನ್ನ ತಿಳ್ಕೊಂಡೇ ಎಸೀಬೇಕು. ಆದ್ರೆ ಅವನಿಗೇ ಎಸೆಯೋಕೆ ಆಗಲ್ಲ. ಕೈಗೆ ಗ್ಲೌಸ್ ಕಟ್ಟಿರ್ತೀವಲ್ಲ."

ಗುರುವಾರ ಬೆಳಿಗ್ಗೆ ಅವಳು ಆಫೀಸಿಗೆ ಹೊರಡುವ ಹಾಗೆ ಹೊರಟು, ಕೆಳಗಿನ ಔಷಧಿ ಅಂಗಡಿಯ ಪಕ್ಕದಲ್ಲಿ ನಿಂತುಕೊಂಡಳು. ಅಂಗಡಿಯವನು "ಏನ್ ಬೇಕು ಮೇಡಂ?" ಎಂದು ಕೇಳಿದ್ದಕ್ಕೆ ಏನೂ ಬೇಡದೆ ಹತ್ತಿ ಕೊಂಡಳು. ಅಪ್ಪ ಬಂದ. ಗಂಡ ಪುಟ್ಟಿಯನ್ನು ತಂದು ಸ್ಕೂಟರಿನ ಮುಂದೆ ನಿಲ್ಲಿಸಿ ಕೈಬೀಸಿ ಒಳಗೆ ಹೋದ. ಅಪ್ಪ ಗಾಡಿ ಶುರು ಮಾಡಿದ. ಓಡಿ ಹೋಗಿ ಅಡ್ಡ ನಿಲ್ಲಲೇ? ಬೀದಿಯ ಜನರೆದುರು ಚಾಂಪಿಯನ್ನನ ಕೈಯಿಂದ ಮಗುವನ್ನು ಕಿತ್ತುಕೊಳ್ಳಲೇ? ಯೋಚಿಸುವಷ್ಟರಲ್ಲಿ ಗಾಡಿ ತಿರುವಿನಲ್ಲಿ ಮರೆಯಾಯಿತು. ಹತ್ತಿಯ ಕಟ್ಟು ಹಿಡಿದುಕೊಂಡೇ ಓಡಿದಳು.

ತಿರುವಿನಾಚೆ ಸ್ಕೂಟರು ನಿಂತಿತ್ತು. ಎಂಜಿನ್ ಆಫ್. ಅಪ್ಪ ಇಳಿದು, ಪುಟ್ಟಿಯನ್ನು ಸೀಟಿನ ಮೇಲೆ ಕೂರಿಸಿ, ಹ್ಯಾಂಡಲ್ ಹಿಡಿದು ಗಾಡಿಯನ್ನು ತಳ್ಳಿಕೊಂಡು ಹೊರಟಿದ್ದ. ರಸ್ತೆಯ ಅಂಚಿನಲ್ಲಿ, ನಿಧಾನ, ಗಾಜಿನ ಸಾಮಾನು ತುಂಬಿದ ಗಾಡಿ ತಳ್ಳುವವನ ಹಾಗೆ. ದಿನಾ ಮಗು ತಡವಾಗಿ ಬರುತ್ತದೆ ಎಂದು ಪ್ಲೇಸ್ಕೂಲಿನ ಮಿಸ್ ದೂರಿದ್ದು, ಅದಕ್ಕೆ ಇವಳು ಅಪ್ಪನ ಮೇಲೆ ರೇಗಿದ್ದು, ಅಪ್ಪ "ಟ್ರಾಫಿಕ್ ಕಣಮ್ಮ" ಎಂದಿದ್ದು ಎಲ್ಲ ಒಟ್ಟಿಗೇ ನೆನಪಾಗಿ ಅವಳ ಕಣ್ಣು ಮಂಜಾಯಿತು. ಎದೆಯ ಮೇಲಿನ ಬಂಡೆಯನ್ನು ಯಾರೋ ಎತ್ತಿಟ್ಟ ಹಾಗಾಯಿತು. ಇಷ್ಟೇನಾ? ಇಷ್ಟಕ್ಕೇನಾ ಇಷ್ಟು ದಿನ ಬೆಂದದ್ದು?

ಆ ಸಮಾಧಾನ ದೊಡ್ಡ ರಸ್ತೆಯವರೆಗೆ ಮಾತ್ರ. ಅಲ್ಲಿ ಸಿಗ್ನಲ್ಲಿತ್ತು. ಅಪ್ಪ ನಿಂತ. ದೀಪದತ್ತ ನೋಡಲೂ ಇಲ್ಲ. ತಲೆ ಬಗ್ಗಿಸಿ ಕಿವಿಯನ್ನು ಪುಟ್ಟಿಯ ಕಡೆ ಒಡ್ಡಿದ. ಪುಟ್ಟಿ ಸೀಟಿನ ಮೇಲೆ ರಾಣಿಯ ಹಾಗೆ ಕೂತು, ದೀಪ ನೋಡಿ, ಬಾಟಲಿಯಿಂದ ಸ್ಕೂಟರಿನ ತಗಡಿಗೆ ಒಂದು ಸಲ ಕುಟ್ಟಿದಳು. ಟಣ್. ಅಪ್ಪ ಅಲ್ಲಾಡಲಿಲ್ಲ. ಪುಟ್ಟಿ ಒಂದು ನಾಯಿಯನ್ನು ನೋಡಿದಳು. ಬಲೂನ್ ನೋಡಿದಳು. ಮತ್ತೆ ದೀಪ ನೋಡಿದಳು. ಟಣ್ ಟಣ್. ಅಪ್ಪ ನುಗ್ಗಿದ.

ಬಸ್ಸುಗಳು, ಲಾರಿಗಳು ಸಾಲಾಗಿ ನಿಂತ ಆ ರಸ್ತೆಯನ್ನು ದೇಶದ ಚಾಂಪಿಯನ್ ಒಂದು ಪ್ಲೇಸ್ಕೂಲ್ ಮಗುವಿನ ಬಾಟಲಿಯ ಸದ್ದನ್ನು ನಂಬಿ ದಾಟಿದ. ಆ ಮಗು ಗೂಬೆ, ಬೆಕ್ಕುಗಳನ್ನು ಸರಿಯಾಗಿ ಹೇಳುತ್ತದೆ, ನಿಜ. ಆದರೆ ಅರ್ಧ ರಸ್ತೆಯಲ್ಲಿ ಚಿಟ್ಟೆ ಕಂಡರೆ? ಬಾಟಲಿ ಕೈಜಾರಿದರೆ? ಟಣ್ ಎನ್ನುವಲ್ಲಿ ಖುಷಿಗೆ ಟಣ್ ಟಣ್ ಎಂದುಬಿಟ್ಟರೆ? ಅವಳು ಅಲ್ಲಿಯೇ ದೀಪದ ಕಂಬ ಹಿಡಿದು ನಿಂತಳು. ಆಚೆ ದಡದಲ್ಲಿ ಅವರಿಬ್ಬರೂ ಸುರಕ್ಷಿತವಾಗಿ ಮರೆಯಾದರೂ ಅವಳ ಕೈ ಕಂಬ ಬಿಡಲಿಲ್ಲ.

ಫೋನ್ ತೆಗೆದಳು. ಅಪ್ಪನ ಹೆಸರು ಒತ್ತಿದಳು, ಕತ್ತರಿಸಿದಳು. ಏನೆಂದು ಹೇಳುವುದು? ದಿನಾ ಎಷ್ಟೊಂದು ಅಪರಿಚಿತರಿಗೆ, ಗಾಬರಿಯಾಗಬೇಡಿ, ನಾವಿದ್ದೇವೆ ಎನ್ನುವವಳಿಗೆ ಈಗ ಒಂದು ವಾಕ್ಯ ಕೂಡುತ್ತಿರಲಿಲ್ಲ. ಗಂಡನಿಗೆ ಮಾಡೋಣವೆಂದುಕೊಂಡಳು; ಅವನು ಸಂಜೆ ಮಾತಾಡೋಣ ಎನ್ನುತ್ತಾನೆ. ಅಮ್ಮನಿಗೆ? ಎಡಗಡೆಯ ಆ ನಾಚಿಕೆಯನ್ನು ಅಮ್ಮನಿಂದ ಕಿತ್ತುಕೊಂಡು ಅವಳ ಕೈಗೆ ಏನು ಕೊಡುವುದು? ಆಫೀಸಿನಿಂದ ಎರಡು ಸಲ ಫೋನ್ ಬಂತು, ಎತ್ತಲಿಲ್ಲ. ಬಕೆಟ್ ಮಾವನ ಜೊತೆ ಮಾತು ಬಿಟ್ಟವನು ಅವಳ ಜೊತೆಯೂ ಬಿಟ್ಟರೆ? ಪುಟ್ಟಿ ಮದುವೆಯಾಗುವವರೆಗೆ ಅವನು ಇರುತ್ತಾನೆಯೇ?

ಅಪ್ಪ ವಾಪಸು ಬಂದ. ಆಚೆ ದಡದಲ್ಲಿ, ಖಾಲಿ ಸ್ಕೂಟರು ಹಿಡಿದು, ಒಬ್ಬನೇ. ಈಗ ಟಣ್ ಎನ್ನುವವರು ಯಾರೂ ಇಲ್ಲ. ದಾಟುವ ಬೇರೆ ಯಾರಾದರೂ ಬರಲಿ ಎಂದು ಕಾಯುತ್ತಿದ್ದ. ಬರುತ್ತಿರುವವರ ಹೆಜ್ಜೆ ಸದ್ದಿಗೆ ಮುಖ ತಿರುಗಿಸುತ್ತಿದ್ದ. ಅವಳು ಅವನ ನೇರ ಎದುರಿಗಿದ್ದಳು, ಕೆಂಪು ಚೂಡಿದಾರಿನಲ್ಲಿ. ಅವನ ನೋಟ ಅವಳ ಮೇಲೆ ಹಾದು, ನಿಲ್ಲದೆ ಮುಂದೆ ಹೋಯಿತು.

ಅವಳು ಫೋನ್ ಮಾಡಿದಳು. ಈ ಸಲ ಕತ್ತರಿಸಲಿಲ್ಲ.

ಆಚೆ ಅಪ್ಪ ಜೇಬಿನಿಂದ ಫೋನ್ ತೆಗೆದು, ದೂರ ಹಿಡಿದ, ಮೂಗಿನ ಹತ್ತಿರ ಹಿಡಿದ, ಕೊನೆಗೆ ಸೋತು ಕಿವಿಗಿಟ್ಟ. "ಯಾರು?"

"ನಾನಪ್ಪ."

"ಓ, ನೀನಾ! ಆಫೀಸಲ್ವಾ? ಪುಟ್ಟೀನ ಬಿಟ್ಟೆ. ಗಾಡೀಲಿ ಹೋದ್ವಿ, ಬೇಗ ತಲುಪಿದ್ವಿ ಇವತ್ತು."

"ಅಪ್ಪ, ಅಲ್ಲೇ ನಿಂತಿರು. ದಾಟಬೇಡ. ನಾನು ಎದುರಿಗೇ ಇದೀನಿ."

ಅವನು ತಲೆ ಎತ್ತಿ ಹುಡುಕಿದ. ಮೊದಲು ಬಲಕ್ಕೆ, ಆಮೇಲೆ ಇಡೀ ಮೈ ತಿರುಗಿಸಿ ಎಡಕ್ಕೆ. ಮುಖದ ನಗು ನಿಧಾನವಾಗಿ ಇಳಿಯಿತು.

"ಎಷ್ಟು ಹೊತ್ತಿಂದ?"

"ತಿರುವಿಂದ. ಇವತ್ತು ರಜ ಹಾಕಿದೀನಿ ಅಪ್ಪ. ಈಗಲೇ ಕಣ್ಣಿನ ಡಾಕ್ಟ್ರ ಹತ್ರ ಹೋಗ್ತಿದೀವಿ, ನೀನೂ ನಾನೂ. ನಾಳೆ ಅನ್ಬೇಡ."

ಅಪ್ಪ ಫೋನ್ ಇಳಿಸಲಿಲ್ಲ. ದೀಪ ಬದಲಾಯಿತು, ಜನ ಅವನನ್ನು ಸವರಿಕೊಂಡು ದಾಟಿದರು. ಅವನು ಸ್ಕೂಟರಿನ ಹ್ಯಾಂಡಲ್ ಹಿಡಿದು, ಬಲಗಾಲು ಒಂದಿಷ್ಟು ಮುಂದಿಟ್ಟು ನಿಂತೇ ಇದ್ದ. ದೀಪ ಮತ್ತೆ ಕೆಂಪಾಯಿತು.

"ಬಕೆಟ್ ಬಾಯಿಬಿಟ್ನಾ?"

"ಅವರು ಆಮೇಲೆ ಹೇಳಿದ್ದು. ಮೊದ್ಲು ಹೇಳಿದ್ದು ನೀನೇ, ಭಾನುವಾರ. ಕೈ ಬದಲಾಯ್ಸಿದೆ, ಕಣ್ಣು ಬದಲಾಯಿಸ್ಲಿಲ್ಲ."

"ಪುಟ್ಟಿ ಪಾಸ್ ಮಾಡಿದ್ಲಲ್ಲ ಮತ್ತೆ."

"ಪುಟ್ಟಿ ಡಾಕ್ಟ್ರಲ್ಲ ಅಪ್ಪ. ರೆಫ್ರೀನೂ ಅಲ್ಲ. ಅವಳ ಕೈಲಿ ಬಕೆಟ್ ಹೊರಿಸ್ಬೇಡ."

ಒಂದು ಬಸ್ಸು ಅವರಿಬ್ಬರ ನಡುವೆ ಬಂದು ನಿಂತು, ಅವನನ್ನು ಮುಚ್ಚಿತು. ಅವಳು ಕಾಲ್ಬೆರಳ ಮೇಲೆ ನಿಂತು ಅತ್ತಿತ್ತ ಕತ್ತು ಚಾಚಿದಳು. ಬಸ್ಸು ಸರಿದಾಗ ಅವನು ಅಲ್ಲಿಯೇ ಇದ್ದ, ಫೋನ್ ಕಿವಿಯಲ್ಲೇ ಇತ್ತು.

"ಅಲ್ಲೂ ಕೈಯಲ್ಲೇ ಮುಚ್ಚಿಸ್ತಾರಾ?"

"ಇಲ್ಲಪ್ಪ. ಅವರೇ ಮುಚ್ತಾರೆ."

"ಥತ್," ಎಂದ ಅಪ್ಪ. "ಗಾಡಿ ಸ್ಟ್ಯಾಂಡ್ ಹಾಕ್ತೀನಿ ಇರು. ನೀನೇ ಈ ಕಡೆ ಬಾ. ನೋಡ್ಕೊಂಡು ಬಾ, ಹಸಿರು ಬಂದ್ಮೇಲೆ." ಆಮೇಲೆ, ಅವಳು ಎಂದೂ ಕೇಳದಿದ್ದ ಒಂದು ಸಣ್ಣ ಧ್ವನಿಯಲ್ಲಿ, "ಬಂತಾ?"